ಪಿಸ್ತೂಲಿಗೆ ಲೇಸರ್ ಹಾಕಿಸ್ತೀರಾ? ಮೊದಲು ಇದನ್ನು ಓದಿ

ಪಿಸ್ತೂಲಿನ ಮೇಲೆ ಲೇಸರ್ ಕೂತಿದ್ದರೆ ಗುರಿ ತಪ್ಪೋದೇ ಇಲ್ಲ ಅಂತ ಬಹಳ ಜನ ನಂಬಿದ್ದಾರೆ. ಇನ್ನೊಂದು ಕಡೆ ಹಳೇ ಕೈಗಳು, 'ಅದು ಆಟದ ಸಾಮಾನು, ಶೂಟಿಂಗ್ ಬಾರದವರಿಗೆ' ಅಂತ ಮೂಗು ಮುರಿಯುತ್ತಾರೆ. ಎರಡೂ ಪೂರ್ತಿ ನಿಜ ಅಲ್ಲ. ಲೇಸರ್ ಹೇಳೋದು ಒಂದೇ ಮಾತು: ನಳಿಗೆ ಈ ಕ್ಷಣ ಯಾವ ಕಡೆ ನೋಡ್ತಿದೆ ಅಂತ. ಅಷ್ಟೇ. ಟ್ರಿಗರನ್ನು ಸರಿಯಾಗಿ ಎಳೆಯೋದು, ಎದುರಿಗೆ ಇರೋದು ಯಾರು ಅಂತ ಗುರುತಿಸೋದು, ಹೊಡೆಯಬೇಕೋ ಬೇಡವೋ ಅಂತ ತೀರ್ಮಾನಿಸೋದು, ಇವು ಮೂರೂ ನಿಮ್ಮ ಕೆಲಸವೇ.

ಪೊಲೀಸ್ ಕೆಲಸದಲ್ಲಿ ಇರುವವರು, ಪರವಾನಗಿ ಪಡೆದು ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಂಡವರು, ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಕೊಳ್ಳೋಕೆ ಮುಂಚೆ ಯೋಚಿಸಬೇಕಾದ್ದು ಏನು, ಹಾಕಿದ ಮೇಲೆ ಝೀರೋ ಮಾಡೋದು (ಚುಕ್ಕೆ ಬಿದ್ದ ಕಡೆಯೇ ಗುಂಡು ಬೀಳುವ ಹಾಗೆ ಹೊಂದಿಸೋದು) ಹೇಗೆ, ಅಭ್ಯಾಸ ಹೇಗೆ ಅನ್ನೋದು ಒಂದಾದ ಮೇಲೊಂದು ಬರುತ್ತದೆ. ಲೇಸರ್ ಇಟ್ಟುಕೊಳ್ಳೋದರ ಬಗ್ಗೆ ಒಂದೊಂದು ಕಡೆ ಒಂದೊಂದು ಕಾನೂನು ಇದೆ, ಪೊಲೀಸ್ ಇಲಾಖೆಗಳಲ್ಲೂ ಅವರವರದೇ ನಿಯಮ ಇರುತ್ತದೆ. ಅದನ್ನು ವಿಚಾರಿಸಿಕೊಂಡ ಮೇಲೆಯೇ ಮುಂದಿನ ಮಾತು.

ಒಂದು ಗೊಂದಲ ಮೊದಲೇ ಬಿಡಿಸಿಬಿಡ್ತೀನಿ. ಪಿಸ್ತೂಲಿನ ಸ್ಲೈಡಿನ ಮೇಲೆ, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗದ ಮೇಲೆ, ಸಣ್ಣ ಗಾಜಿನ ಕಿಟಕಿ ಇರುತ್ತಲ್ಲ, ಅದರೊಳಗೆ ಕೆಂಪು ಚುಕ್ಕೆ ಕಾಣುತ್ತಲ್ಲ, ಅದು ಲೇಸರ್ ಅಲ್ಲ. ಅದು ರೆಡ್ ಡಾಟ್. ಆ ಚುಕ್ಕೆ ಗಾಜಿನಲ್ಲಿ ನಿಮ್ಮ ಕಣ್ಣಿಗೆ ಮಾತ್ರ ಕಾಣೋದು, ಹೊರಗೆ ಯಾರ ಮೇಲೂ ಬೀಳಲ್ಲ. ಅದನ್ನು ನೋಡಬೇಕಾದರೆ ಪಿಸ್ತೂಲು ಕಣ್ಣಿನ ಮುಂದೆ ಬರಲೇಬೇಕು. ಲೇಸರ್ ಹಾಗಲ್ಲ. ಬೆಳಕು ನೇರವಾಗಿ ಗುರಿಯ ಮೇಲೆಯೇ ಬೀಳುತ್ತದೆ, ಪಿಸ್ತೂಲು ಸೊಂಟದ ಹತ್ತಿರ ಇದ್ದರೂ ಚುಕ್ಕೆ ಕಾಣುತ್ತದೆ. ಲೇಸರಿನ ಲಾಭ, ಅದರ ತೊಂದರೆ, ಎರಡೂ ಹುಟ್ಟೋದು ಈ ಒಂದು ವ್ಯತ್ಯಾಸದಿಂದಲೇ.

ಮೊದಲನೇ ಹೆಜ್ಜೆ: ನಿಮಗೆ ಯಾಕೆ ಬೇಕು ಅಂತ ಕೇಳಿಕೊಳ್ಳಿ

'ಸುಮ್ನೆ ಇರಲಿ' ಅನ್ನೋದು ಉತ್ತರ ಅಲ್ಲ. ಲೇಸರ್ ನಿಜಕ್ಕೂ ಕೆಲಸಕ್ಕೆ ಬರೋದು ಪಿಸ್ತೂಲನ್ನು ಕಣ್ಣಿನ ಮಟ್ಟಕ್ಕೆ ತರೋಕೆ ಆಗದೇ ಇದ್ದಾಗ. ಬಾಲಿಸ್ಟಿಕ್ ಶೀಲ್ಡ್ (ಗುಂಡು ತಡೆಯುವ ಗುರಾಣಿ) ಹಿಡಿದು ಮುಂದೆ ಹೋಗುವ ಪೊಲೀಸನ್ನು ನೆನೆಸಿಕೊಳ್ಳಿ. ಒಂದು ಕೈಯಲ್ಲಿ ಭಾರದ ಶೀಲ್ಡ್, ಅದರಲ್ಲಿ ಒಂದು ಸಣ್ಣ ಕಿಂಡಿ, ಇನ್ನೊಂದು ಕೈ ಶೀಲ್ಡಿನ ಅಂಚಿನಿಂದ ಹೊರಗೆ. ಗುರಿ ಹಿಡಿಯೋಕೆ ಪಿಸ್ತೂಲಿನ ಮೇಲಿರುವ ಹಿಂದಿನ ಸೈಟ್, ಮುಂದಿನ ಸೈಟ್ ಎರಡನ್ನೂ ಸಾಲಾಗಿ ನೋಡೋಕೆ ಅಲ್ಲಿ ಜಾಗವೇ ಇಲ್ಲ. ಗ್ಯಾಸ್ ಮಾಸ್ಕ್ ಹಾಕಿಕೊಂಡಾಗಲೂ ಇದೇ ಕಷ್ಟ. ನೆಲಕ್ಕೆ ಬಿದ್ದು ಮಲಗಿದ ಹಾಗೇ ಹೊಡೆಯಬೇಕಾದ ಸ್ಥಿತಿ, ಒಂದು ಕೈಗೆ ಪೆಟ್ಟಾಗಿರುವುದು, ಎದುರಿಗಿರುವವನು ಕೈ ಚಾಚಿದರೆ ಪಿಸ್ತೂಲು ಕಿತ್ತುಕೊಳ್ಳುವಷ್ಟು ಹತ್ತಿರ ಇದ್ದು ಅದನ್ನು ಎದೆಗೆ ಅವಚಿಕೊಂಡಿರುವುದು, ಇಂಥ ಕಡೆಗಳಲ್ಲೆಲ್ಲ ಲೇಸರಿನಷ್ಟು ಸಹಾಯ ಬೇರೆ ಯಾವ ಸೈಟೂ ಮಾಡಲ್ಲ.

ಎರಡನೇ ಕಾರಣ ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗೋಕೆ ಶುರುವಾಗುತ್ತಲ್ಲ, ಕೈಯಳತೆಯಲ್ಲಿರುವ ಮುಂದಿನ ಸೈಟ್ ಆಗ ಮೊದಲು ಕೈಕೊಡುತ್ತದೆ. ದೂರದ ಗುರಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಲೇಸರ್ ಚುಕ್ಕೆ ಇರೋದು ಆ ಗುರಿಯ ಮೇಲೆಯೇ ಆದ್ದರಿಂದ ಇಂಥವರಿಗೆ ಅನುಕೂಲ. ಕಣ್ಣು ಚೆನ್ನಾಗಿರುವವರೂ ಅಪಾಯ ಎದುರಿಗೆ ಬಂದಾಗ ಅಪಾಯವನ್ನೇ ದಿಟ್ಟಿಸುತ್ತಾರೆ, ಸೈಟನ್ನಲ್ಲ. ಅದು ಮನುಷ್ಯನ ಸ್ವಭಾವ, ಬೈದು ಪ್ರಯೋಜನ ಇಲ್ಲ.

ಮೂರನೆಯದು ಗಿಡ್ಡ ರಿವಾಲ್ವರ್. ಇದಕ್ಕೆ ಸ್ವಲ್ಪ ಲೆಕ್ಕ ನೋಡೋಣ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 10 ಸೆಂಟಿಮೀಟರ್ ಅಂತರ ಇದ್ದು, ಜೋಡಿಸುವಾಗ 1 ಮಿಲಿಮೀಟರ್ ತಪ್ಪಿದರೆ 7 ಮೀಟರ್ ದೂರದಲ್ಲಿ ಗುಂಡು 7 ಸೆಂಟಿಮೀಟರ್ ಆಚೆ ಹೋಗುತ್ತದೆ. ದೊಡ್ಡ ಪಿಸ್ತೂಲಿನಲ್ಲಿ ಆ ಅಂತರ 16 ಸೆಂಟಿಮೀಟರ್ ಹತ್ತಿರ ಇರೋದರಿಂದ ಅದೇ ತಪ್ಪಿಗೆ 4 ಸೆಂಟಿಮೀಟರ್ ಚಿಲ್ಲರೆ ಮಾತ್ರ. ಗಿಡ್ಡ ರಿವಾಲ್ವರಿನ ಸೈಟ್ ಅಂದರೆ ಮೇಲೆ ಕೊರೆದ ಒಂದು ತೋಡು, ಮುಂದೆ ಒಂದು ಸಣ್ಣ ಉಬ್ಬು. ಮೇಲಿಂದ ಟ್ರಿಗರಿಗೆ ಸುಮಾರು 5 ಕಿಲೋ ಎಳೆತ ಬೇಕು, ಅದರ ಹಗುರ ಮಾದರಿಗಳು ತೂಗೋದೇ ಅರ್ಧ ಕಿಲೋಗಿಂತ ಕಮ್ಮಿ. ಹತ್ತು ಪಟ್ಟು ಬಲದಿಂದ ಎಳೆದರೆ ಅಲುಗದೇ ಇರುತ್ತಾ? ಲೇಸರ್ ಯಾವ ಬಗೆಯ ಆಯುಧಕ್ಕೆ ಜಾಸ್ತಿ ಸಲ್ಲುತ್ತದೆ ಅಂತ ಕೇಳಿದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳ್ತೀನಿ.

ನಿಮ್ಮದು ದೊಡ್ಡ ಪಿಸ್ತೂಲು, ರೆಡ್ ಡಾಟ್ ಇದೆ, ಕಣ್ಣು ಸರಿಯಾಗಿದೆ, ಶೀಲ್ಡ್ ಹಿಡಿಯುವ ಕೆಲಸವೂ ಇಲ್ಲ ಅಂದರೆ? ಲೇಸರಿಗೆ ಹಾಕುವ ದುಡ್ಡನ್ನು ಗುಂಡಿಗೂ ತರಬೇತಿಗೂ ಹಾಕಿ.

'ಎದೆ ಮೇಲೆ ಚುಕ್ಕೆ ಬಿದ್ದರೆ ಎದುರಾಳಿ ಹೆದರಿ ಕೈ ಎತ್ತಿಬಿಡ್ತಾನೆ' ಅನ್ನೋ ಮಾತನ್ನೂ ಕೇಳಿರ್ತೀರಿ. ಕೆಲವರು ಹೆದರಬಹುದು. ಆದರೆ ಅದನ್ನೇ ನೆಚ್ಚಿ ಲೇಸರ್ ಕೊಳ್ಳಬೇಡಿ. ಕುಡಿದವನು, ನಶೆಯಲ್ಲಿರುವವನು, ಕೋಪದಲ್ಲಿ ಕುದಿಯುತ್ತಿರುವವನು ಬಗ್ಗಿ ತನ್ನ ಎದೆ ನೋಡಿಕೊಳ್ಳುತ್ತಾನಾ? ಇನ್ನೊಂದು, ಚುಕ್ಕೆ ಒಬ್ಬರ ಮೇಲೆ ಬಿದ್ದಿದೆ ಅಂದರೆ ನಳಿಗೆ ಅವರ ಮೇಲಿದೆ ಅಂತಲೇ ಅರ್ಥ. ಬರೀ ಹೆದರಿಸೋಕೆ ಅಂತ ಒಬ್ಬರ ಕಡೆ ಪಿಸ್ತೂಲು ತಿರುಗಿಸೋದು ಕಾನೂನಿನ ಕಣ್ಣಲ್ಲಿ ಸಣ್ಣ ವಿಷಯ ಅಲ್ಲ.

ಎರಡನೇ ಹೆಜ್ಜೆ: ಬಣ್ಣ ಮತ್ತು ಜಾಗ ಆರಿಸಿ

ಕೆಂಪು ಲೇಸರಿನ ತರಂಗಾಂತರ 635ರಿಂದ 650 ನ್ಯಾನೋಮೀಟರ್. ಹಸಿರಿನದ್ದು 520 ಅಥವಾ 532. ಹಗಲು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಅತಿ ಚೆನ್ನಾಗಿ ಕಾಣುವ ಬಣ್ಣ 555ರ ಆಸುಪಾಸು. ಹಾಗಾಗಿ ಒಂದೇ ಶಕ್ತಿಯ ಎರಡು ಲೇಸರ್ ಪಕ್ಕಪಕ್ಕ ಇಟ್ಟರೆ ಹಸಿರು ಮೂರರಿಂದ ಎಂಟು ಪಟ್ಟು ಪ್ರಕಾಶವಾಗಿ ಕಾಣುತ್ತದೆ, ಯಾವ ಕೆಂಪು ಯಾವ ಹಸಿರು ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತದೆ. ಬಿಸಿಲಲ್ಲಿ ಕೆಂಪು ಚುಕ್ಕೆ ಕೆಲವೇ ಮೀಟರಿಗೆ ಮಾಯ. ಹಸಿರು ಇನ್ನಷ್ಟು ದೂರ ಕಾಣುತ್ತದೆ, ಆದರೆ ನಡುಹಗಲ ಬಿಸಿಲಿಗೆ ಅದೂ ಸೋಲುತ್ತದೆ. ಕೆಂಪು ಬಣ್ಣ ಸರಿಯಾಗಿ ಕಾಣದ ಬಣ್ಣಗುರುಡು ಇರುವವರಂತೂ ಹಸಿರನ್ನೇ ತಗೊಳ್ಳಿ, ಅವರಿಗೆ ಕೆಂಪು ಚುಕ್ಕೆ ಮಂಕು ಮಂಕಾಗಿ ಕಾಣುತ್ತದೆ.

ಹಸಿರಿನಲ್ಲೇ ಎರಡು ಜಾತಿ. ಹಳೆಯ 532ರದ್ದು ನೇರ ಹಸಿರಲ್ಲ: 808ರ ಡಯೋಡ್ ಒಂದು ಹರಳನ್ನು ಕೆಣಕಿ 1064ರ ಕಾಣದ ಬೆಳಕು ಹೊರಡಿಸಿ, ಇನ್ನೊಂದು ಹರಳು ಅದನ್ನು ಅರ್ಧಕ್ಕಿಳಿಸಿ ಹಸಿರು ಮಾಡುತ್ತದೆ. ಇಷ್ಟು ಸರ್ಕಸ್ಸಿಗೆ ಬ್ಯಾಟರಿ ಜಾಸ್ತಿ ಬೇಕು, ಚಳಿ ಜೋರಾದರೆ ಬೆಳಕು ಕುಗ್ಗುತ್ತದೆ. 520ರ ಹತ್ತಿರದ ಹೊಸ ಡಯೋಡ್‌ಗಳು ನೇರವಾಗಿ ಹಸಿರು ಕೊಡುತ್ತವೆ, ಈ ಕಾಟ ಇಲ್ಲ. ಕೊಳ್ಳುವಾಗ ಡಬ್ಬಿಯ ಮೇಲೆ ಈ ಅಂಕಿ ನೋಡಿ. ಶಕ್ತಿ ಸಾಮಾನ್ಯವಾಗಿ 5 ಮಿಲಿವ್ಯಾಟ್ ಒಳಗೇ ಇರುತ್ತದೆ, ಅದಕ್ಕಿಂತ ಜಾಸ್ತಿ ಇದೆ ಅಂತ ಯಾರಾದರೂ ಹೊಗಳಿ ಮಾರಿದರೆ ಅದು ಕಣ್ಣಿಗೆ ಅಪಾಯ, ಬಿಟ್ಟುಬಿಡಿ.

ಕೂರಿಸುವ ಜಾಗ ಮೂರು. ಒಂದು, ನಳಿಗೆಯ ಕೆಳಗಿನ ರೈಲಿಗೆ, ಅಂದರೆ ಸಾಮಾನು ಸಿಕ್ಕಿಸೋಕೆ ಇರುವ ಪಟ್ಟಿಗೆ, ಸಿಕ್ಕಿಸೋದು. ಇದರಲ್ಲಿ ಟಾರ್ಚೂ ಲೇಸರೂ ಒಟ್ಟಿಗೆ ಇರುವ ಮಾದರಿ ಸಿಗುತ್ತದೆ, ಪೊಲೀಸರಿಗೆ ಇದೇ ಒಳ್ಳೆಯದು. ಆದರೆ ನಿಮ್ಮ ಹಳೇ ಹೋಲ್ಸ್ಟರಿಗೆ (ಪಿಸ್ತೂಲು ಇಡುವ ಚೀಲಕ್ಕೆ) ಪಿಸ್ತೂಲು ಇನ್ನು ಇಳಿಯಲ್ಲ, ಹೊಸದು ಬೇಕು. ಈ ಖರ್ಚನ್ನು ಎಲ್ಲರೂ ಮರೆಯುತ್ತಾರೆ. ಎರಡು, ಹಿಡಿಯೊಳಗೇ ಇರುವ ಲೇಸರ್. ಅಮೆರಿಕದ ಕ್ರಿಮ್ಸನ್ ಟ್ರೇಸ್ ಕಂಪನಿಯ ಹಿಡಿಗಳಿಂದ ಹೆಸರಾದದ್ದು ಇದು. ನಡುಬೆರಳು ಕೂರುವ ಜಾಗದಲ್ಲಿ ಒತ್ತುಗುಂಡಿ ಇರುತ್ತದೆ, ಬಿಗಿಯಾಗಿ ಹಿಡಿದರೆ ತಾನೇ ಹೊತ್ತಿಕೊಳ್ಳುತ್ತದೆ. ಮೂರು, ಸ್ಲೈಡಿನೊಳಗೆ ಸ್ಪ್ರಿಂಗನ್ನು ಹಿಡಿದಿಡುವ ಕಡ್ಡಿಯ (ಗೈಡ್ ರಾಡ್) ಜಾಗದಲ್ಲಿ ಕೂರುವುದು, ಲೇಸರ್‌ಮ್ಯಾಕ್ಸ್ ಮಾಡಿದ ಹಾಗೆ. ಇದು ನಳಿಗೆಗೆ ತೀರ ಹತ್ತಿರ, ಹೋಲ್ಸ್ಟರ್ ಬದಲಿಸಬೇಕಿಲ್ಲ. ಆದರೆ ಕಾರ್ಖಾನೆಯಲ್ಲೇ ಜೋಡಿಸಿ ಕೊಡುತ್ತಾರೆ, ನೀವು ಸ್ಕ್ರೂ ತಿರುಗಿಸಿ ಸರಿಮಾಡೋಕೆ ಆಗಲ್ಲ.

ಗುಂಡಿ ಎಲ್ಲಿದೆ ಅನ್ನೋದು ನನ್ನ ಪ್ರಕಾರ ಬಣ್ಣಕ್ಕಿಂತ ದೊಡ್ಡ ವಿಷಯ. ಗಾಬರಿಯಲ್ಲಿ ಬೆರಳುಗಳಿಗೆ ನಾಜೂಕಿನ ಕೆಲಸ ಬರಲ್ಲ. ಹುಡುಕಿ ಒತ್ತಬೇಕಾದ ಸಣ್ಣ ಗುಂಡಿ ಇದ್ದರೆ ಅದು ಬೇಕಾದ ಹೊತ್ತಿಗೆ ಸಿಗಲ್ಲ ಅಂತಲೇ ಅಂದುಕೊಳ್ಳಿ. ಹಿಡಿದರೆ ಹೊತ್ತಿಕೊಳ್ಳುವುದು ಉತ್ತಮ. ಅದರಲ್ಲೂ ಒಂದು ಕೊರತೆ ಇದೆ. ಹಿಡಿಯ ಲೇಸರಿನ ಕಣ್ಣು ಸಾಮಾನ್ಯವಾಗಿ ಬಲಗಡೆ ಮೇಲ್ಭಾಗದಲ್ಲಿರುತ್ತದೆ. ಬಲಗೈಯವರು ನಿಯಮದ ಪ್ರಕಾರ ಬೆರಳನ್ನು ಟ್ರಿಗರಿಂದ ಹೊರಗೆ ಫ್ರೇಮಿನ ಮೇಲೆ ಚಾಚಿದಾಗ ಆ ಬೆರಳೇ ಬೆಳಕಿಗೆ ಅಡ್ಡ ಬರಬಹುದು. ಎಡಗೈಯವರಿಗೆ ಹೆಬ್ಬೆರಳು ಅಡ್ಡ ಬರುತ್ತದೆ. ಚುಕ್ಕೆ ಕಾಣಲಿ ಅಂತ ಬೆರಳನ್ನು ಟ್ರಿಗರ್ ಒಳಗೆ ಹಾಕುವ ಚಾಳಿ ಮಾತ್ರ ಬೇಡವೇ ಬೇಡ. ಬೆರಳನ್ನು ಸ್ವಲ್ಪ ಮೇಲೆ, ಸ್ಲೈಡಿನ ಕಡೆ ಇಟ್ಟು ನೋಡಿ. ಆಗಲೂ ಆಗದಿದ್ದರೆ ಆ ಮಾದರಿ ನಿಮ್ಮ ಕೈಗೆ ಅಲ್ಲ.

ಮೂರನೇ ಹೆಜ್ಜೆ: ಝೀರೋ ಮಾಡಿ

ತಂದು ಸಿಕ್ಕಿಸಿದ ತಕ್ಷಣ ಚುಕ್ಕೆ ಬಿದ್ದ ಕಡೆ ಗುಂಡು ಬೀಳಲ್ಲ. ಲೇಸರ್ ಒಂದು ಕಡೆ, ನಳಿಗೆ ಇನ್ನೊಂದು ಕಡೆ ಅಲ್ವಾ? ಈ ಅಂತರ ಅರ್ಥವಾದರೆ ಅರ್ಧ ಕೆಲಸ ಮುಗಿಯಿತು.

ಲೇಸರ್ ನಳಿಗೆಯ 2.5 ಸೆಂಟಿಮೀಟರ್ ಕೆಳಗಿದೆ ಅನ್ನಿ. ಎರಡನ್ನೂ ಸಮಾನಾಂತರವಾಗಿ ಬಿಟ್ಟರೆ ಗುಂಡು ಚುಕ್ಕೆಗಿಂತ ಹೆಚ್ಚುಕಮ್ಮಿ 2.5 ಸೆಂಟಿಮೀಟರ್ ಮೇಲೆ ಬೀಳುತ್ತದೆ, ದೂರ ಎಷ್ಟಿದ್ದರೂ. ಇದು ಒಂದು ದಾರಿ. ಇನ್ನೊಂದು ದಾರಿ, ಒಂದು ದೂರದಲ್ಲಿ ಎರಡೂ ಸೇರುವ ಹಾಗೆ ಮಾಡೋದು. 7 ಮೀಟರಿಗೆ ಸೇರಿಸಿದರೆ 14 ಮೀಟರಿನಲ್ಲಿ ಗುಂಡು ಚುಕ್ಕೆಗಿಂತ 2.5 ಸೆಂಟಿಮೀಟರ್ ಕೆಳಗೆ, 21 ಮೀಟರಿನಲ್ಲಿ 5 ಸೆಂಟಿಮೀಟರ್ ಕೆಳಗೆ. ಭೂಮಿಯ ಸೆಳೆತಕ್ಕೆ ಗುಂಡು ಇಳಿಯೋದು ಇದರ ಮೇಲೆ ಬೇರೆ, ಆದರೆ 9 ಎಂಎಂ ಗುಂಡಿಗೆ 25 ಮೀಟರಿನಲ್ಲಿ ಅದು ಎರಡೂವರೆ ಸೆಂಟಿಮೀಟರ್ ಅಷ್ಟೇ. ಆತ್ಮರಕ್ಷಣೆಯ ಪಿಸ್ತೂಲಿಗೆ 7ರಿಂದ 10 ಮೀಟರಿಗೆ ಸೇರಿಸೋದು ಸಾಕು. ಇನ್ನೂ ದೂರಕ್ಕೆ ಸೇರಿಸಿದರೆ ಹತ್ತಿರದ ತಪ್ಪು ಎಷ್ಟೇ ಬೆಳೆದರೂ ಆ 2.5 ಸೆಂಟಿಮೀಟರ್ ದಾಟಲ್ಲ ಅನ್ನೋದೂ ನಿಜ, ಅದಕ್ಕೇ ಪೊಲೀಸರಲ್ಲಿ ಕೆಲವರು 15, 20 ಮೀಟರಿಗೆ ಇಟ್ಟುಕೊಳ್ಳುತ್ತಾರೆ.

ಈಗ ಕೆಲಸ. ಮ್ಯಾಗಜೀನ್ ತೆಗೆಯಿರಿ, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಮಾಡಿ, ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ನೋಡಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿ ಇಡಿ. ಲೇಸರನ್ನು ಕೂರಿಸಿ ಸ್ಕ್ರೂ ಬಿಗಿ ಮಾಡಿ. ಗುಂಡು ತಡೆಯಬಲ್ಲ ಗೋಡೆಯ ಕಡೆ 7 ಮೀಟರ್ ದೂರದಿಂದ ಮಾಮೂಲು ಸೈಟುಗಳನ್ನು ಸಾಲು ಮಾಡಿ ನೋಡಿ. ಚುಕ್ಕೆ ಎಲ್ಲೋ ಇರುತ್ತದೆ. ಜೊತೆಗೆ ಬಂದ ಸಣ್ಣ ಅಲೆನ್ ಕೀ ಹಾಕಿ, ಚುಕ್ಕೆ ಮುಂದಿನ ಸೈಟಿನ ನೆತ್ತಿಯ ಮೇಲೆ ಕೂರುವ ತನಕ ತಿರುಗಿಸಿ. ಸ್ವಲ್ಪ ಸ್ವಲ್ಪವೇ, ಕಾಲು ಸುತ್ತಿಗಿಂತ ಕಮ್ಮಿ. ಸ್ಕ್ರೂ ತಡೆದರೆ ಬಲವಂತ ಮಾಡಬೇಡಿ, ಮುರಿಯುತ್ತದೆ.

ಇದು ಬರೀ ಅಂದಾಜು. ಮುಂದಿನದು ಶೂಟಿಂಗ್ ರೇಂಜಿನಲ್ಲಿ. ಕೈಯನ್ನು ಮರಳುಚೀಲದ ಮೇಲೆ ಊರಿ, ಮಾಮೂಲು ಸೈಟಿನಲ್ಲೇ ಒಂದೇ ಬಿಂದುವಿಗೆ ನಿಧಾನವಾಗಿ ಐದು ಗುಂಡು ಹೊಡೆಯಿರಿ. ಐದೂ ಒಂದು ಕಡೆ ಗುಂಪಾಗಿ ಬಿದ್ದಿರುತ್ತವೆ, ಆ ಗುಂಪಿನ ನಡುವನ್ನು ಗುರುತು ಮಾಡಿಕೊಳ್ಳಿ. ಮತ್ತೆ ಖಾಲಿ ಮಾಡಿ, ಸೈಟನ್ನು ಅದೇ ಬಿಂದುವಿನ ಮೇಲೆ ಇಟ್ಟು, ಚುಕ್ಕೆಯನ್ನು ಗುಂಪಿನ ನಡುವಿಗೆ ಸರಿಸಿ. ಇಲ್ಲೇ ಎಲ್ಲರೂ ತಲೆ ಕೆಡಿಸಿಕೊಳ್ಳೋದು. ಗುಂಡನ್ನು ಚುಕ್ಕೆಯ ಹತ್ತಿರ ತರೋಕೆ ಆಗಲ್ಲ, ಚುಕ್ಕೆ ಗುಂಡು ಬಿದ್ದ ಕಡೆಗೆ ಹೋಗಬೇಕು. ನಾನೂ ಮೊದಲ ಸಲ ಉಲ್ಟಾ ತಿರುಗಿಸಿ ಒಂದು ಡಬ್ಬಿ ಗುಂಡು ಖರ್ಚು ಮಾಡಿದವನೇ. ಸರಿಸಿದ ಮೇಲೆ ಈಗ ಚುಕ್ಕೆ ನೋಡಿಕೊಂಡು ಐದು ಗುಂಡು. ಬೇಕಾದರೆ ಮತ್ತೆ ಸ್ವಲ್ಪ ಸರಿಸಿ, ಮತ್ತೆ ಐದು.

ಆಮೇಲೆ ಅದೇ ಝೀರೋದಲ್ಲಿ 3, 15, 25 ಮೀಟರಿಗೆ ಹೊಡೆದು, ಎಲ್ಲಿ ಬೀಳುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಹಿಡಿಯ ಲೇಸರ್ ಆದರೆ ತಪ್ಪು ಮೇಲೆ ಕೆಳಗೆ ಮಾತ್ರ ಅಲ್ಲ, ಪಕ್ಕಕ್ಕೂ ಇರುತ್ತದೆ. ಮರೆಯಲ್ಲಿ ನಿಂತು ಹೊಡೆಯುವಾಗ ಇದರಿಂದ ಒಂದು ಪೀಕಲಾಟ ಇದೆ: ಚುಕ್ಕೆ ಗುರಿಯ ಮೇಲೆ ಸ್ಪಷ್ಟವಾಗಿ ಕಾಣ್ತಿರುತ್ತದೆ, ನಳಿಗೆಗೆ ಮಾತ್ರ ಗೋಡೆಯ ಅಂಚು ಅಡ್ಡವಾಗಿರುತ್ತದೆ. ಮೂಲೆಯಿಂದ ಒಂದು ಗೇಣು ಹಿಂದೆ ನಿಂತು, ನಳಿಗೆ ಪೂರ್ತಿ ಹೊರಗಿದೆಯಾ ಅಂತ ನೋಡಿಕೊಳ್ಳಿ.

ನಾಲ್ಕನೇ ಹೆಜ್ಜೆ: ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ

ಲೇಸರಿನ ಅತಿ ದೊಡ್ಡ ಉಪಯೋಗ ಇಲ್ಲೇ ಇದೆ ಅನ್ನೋದು ನನ್ನ ಅಭಿಪ್ರಾಯ. ಒಂದು ಗುಂಡೂ ಹಾರಿಸದೇ ನಿಮ್ಮ ತಪ್ಪನ್ನು ಗೋಡೆ ಮೇಲೆ ಬರೆದು ತೋರಿಸುವ ಮೇಷ್ಟ್ರು ಅದು.

ಮತ್ತೆ ಖಾಲಿ ಮಾಡಿ, ಎರಡು ಸಲ ನೋಡಿ. 5 ಮೀಟರ್ ದೂರದಲ್ಲಿ ಒಂದು ರೂಪಾಯಿಯಗಲದ ಗುರುತು ಅಂಟಿಸಿ ಚುಕ್ಕೆಯನ್ನು ಅದರ ಮೇಲಿಡಿ. ನಡುಗುತ್ತದೆ. ಎಲ್ಲರ ಕೈಯೂ ನಡುಗುತ್ತದೆ, ಸೈಟಿನಲ್ಲಿ ಅದು ಕಾಣಲ್ಲ, ಲೇಸರಿನಲ್ಲಿ ಕಾಣುತ್ತದೆ ಅಷ್ಟೇ. ಟ್ರಿಗರನ್ನು ನಿಧಾನವಾಗಿ ಎಳೆಯಿರಿ, ಕ್ಲಿಕ್ ಅನ್ನುವ ಕ್ಷಣ ಚುಕ್ಕೆ ಏನು ಮಾಡಿತು ಅಂತ ನೋಡಿ. ಬಲಗೈಯವರದ್ದು ಬಹಳ ಸಲ ಕೆಳಗೆ ಎಡಕ್ಕೆ ಹಾರುತ್ತದೆ. ಅಂದರೆ ಬೆರಳೊಂದೇ ಅಲ್ಲ, ಇಡೀ ಮುಷ್ಟಿ ಹಿಂಡುತ್ತಿದೆ. ಹಾರದೇ ಇರುವ ತನಕ ಅಭ್ಯಾಸ ಮಾಡಿ. ದಿನಕ್ಕೆ ಹತ್ತು ನಿಮಿಷ ಸಾಕು, ಸುಸ್ತಾದ ಮೇಲೆ ಮಾಡಿದ್ದು ತಪ್ಪನ್ನೇ ಗಟ್ಟಿ ಮಾಡುತ್ತದೆ.

ನಡುಗುವ ಚುಕ್ಕೆ ಇನ್ನೊಂದು ಕೆಟ್ಟ ಚಾಳಿ ಕಲಿಸುತ್ತದೆ. ಚುಕ್ಕೆ ಸರಿಯಾಗಿ ನಡುವಿಗೆ ಬಂದ ಆ ಒಂದು ಗಳಿಗೆಗೆ ಕಾದು, ಬಂದ ತಕ್ಷಣ ಟಕ್ ಅಂತ ಟ್ರಿಗರ್ ಎಳೆಯೋದು. ಗುಂಡು ಎಲ್ಲೋ ಹೋಗುತ್ತದೆ. ನಡುಕ ಅಂಗೈಯಗಲದ ಒಳಗಿದ್ದರೆ ಇರಲಿ ಬಿಡಿ, ಟ್ರಿಗರನ್ನು ಒಂದೇ ಸಮ ಎಳೆಯಿರಿ.

ಮುಂದೆ, ಹೊರತೆಗೆಯುವ ಅಭ್ಯಾಸ. ಲೇಸರ್ ಇರುವವರಲ್ಲಿ ನೋಡಿ, ಪಿಸ್ತೂಲು ತೆಗೆದು ಕೈಯನ್ನು ಅರ್ಧಕ್ಕೇ ಚಾಚಿ, ಚುಕ್ಕೆ ಎಲ್ಲಿದೆ ಅಂತ ಗೋಡೆಯೆಲ್ಲ ತಡಕಾಡುತ್ತಾರೆ. ಆ ತಡಕಾಟದಲ್ಲಿ ಹೋಗುವ ಸಮಯ ಸೈಟ್ ನೋಡಿ ಹೊಡೆಯುವುದಕ್ಕಿಂತ ಜಾಸ್ತಿ. ಹಾಗಾಗಿ ಲೇಸರ್ ಇಲ್ಲವೇ ಇಲ್ಲ ಅನ್ನೋ ಹಾಗೆ ಪಿಸ್ತೂಲನ್ನು ಕಣ್ಣಿನ ನೇರಕ್ಕೆ ತನ್ನಿ. ಸರಿಯಾಗಿ ತಂದಿದ್ದರೆ ಚುಕ್ಕೆ ಮುಂದಿನ ಸೈಟಿನ ನೆತ್ತಿಯಲ್ಲೇ ಕೂತಿರುತ್ತದೆ. ಕಂಡರೆ ಬಳಸಿ, ಕಾಣದಿದ್ದರೆ ಸೈಟ್ ನೋಡಿ ಹೊಡೆಯಿರಿ, ನಿಲ್ಲಬೇಡಿ. ಇದು ಮೈಗೂಡಬೇಕಾದರೆ ಅರ್ಧ ಅಭ್ಯಾಸವನ್ನು ಲೇಸರ್ ಆಫ್ ಮಾಡಿಯೇ ಮಾಡಬೇಕು. ಆ ಮೇಲೆಯೇ ಮಲಗಿ, ಕೂತು, ಒಂಟಿ ಕೈಯಲ್ಲಿ, ರೂಢಿ ಇಲ್ಲದ ಕೈಯಲ್ಲಿ, ಎದೆಗೆ ಅವಚಿಕೊಂಡು ಮಾಡಿ ನೋಡಿ. ಲೇಸರ್ ಕೊಂಡ ಕಾರಣವೇ ಅದಲ್ವಾ.

ಐದನೇ ಹೆಜ್ಜೆ: ಕತ್ತಲು, ಹೊಗೆ, ಜೊತೆಗಾರರು

ಕತ್ತಲಲ್ಲಿ ಚುಕ್ಕೆ ಬಹಳ ಚೆನ್ನಾಗಿ ಕಾಣುತ್ತದೆ, ಅದೇ ಮೋಸ. ಚುಕ್ಕೆ ಬಿದ್ದಿರೋದು ಕಳ್ಳನ ಮೇಲೋ, ನೀರು ಕುಡಿಯೋಕೆ ಎದ್ದ ಮನೆಯವರ ಮೇಲೋ ಅಂತ ಲೇಸರ್ ಹೇಳಲ್ಲ. ಮೊದಲು ಟಾರ್ಚು. ಕೈಯಲ್ಲಿ ಹಿಡಿಯುವ ಟಾರ್ಚು ಬೇರೆ ಇರಲಿ, ಗುರುತಿಸೋದಕ್ಕೋಸ್ಕರ ಪಿಸ್ತೂಲನ್ನೇ ಮನೆಯವರ ಕಡೆ ತಿರುಗಿಸಬಾರದು.

ಹೊಗೆ, ಮಂಜು, ಧೂಳು ಇದ್ದರೆ ಚುಕ್ಕೆಯಷ್ಟೇ ಅಲ್ಲ, ದಾರದ ಹಾಗೆ ಇಡೀ ಕಿರಣ ಕಾಣುತ್ತದೆ. ಅದರ ಒಂದು ತುದಿಯಲ್ಲಿ ಗುರಿ, ಇನ್ನೊಂದು ತುದಿಯಲ್ಲಿ ನೀವು. ಹೊಗೆ ಇಲ್ಲದಿದ್ದರೂ ಎದುರಿಂದ ನೋಡುವವನಿಗೆ ಲೇಸರಿನ ಕಣ್ಣು ಹೊಳೆಯುತ್ತದೆ. ಮರೆಯಲ್ಲಿ ಕಾಯುವಾಗ ಆರಿಸಿಡಿ. ಗಾಜು, ಕನ್ನಡಿ, ಉಜ್ಜಿದ ಸ್ಟೀಲ್ ಮೇಲೆ ಬಿದ್ದರೆ ಬೆಳಕು ತಿರುಗಿ ಯಾರ ಕಣ್ಣಿಗೋ ಹೊಡೆಯುತ್ತದೆ.

ಪೊಲೀಸರಿಗೆ ಇನ್ನೊಂದು. ಮೂವರು ಒಂದೇ ಬಾಗಿಲಲ್ಲಿ ನುಗ್ಗಿ ಮೂವರದ್ದೂ ಕೆಂಪು ಚುಕ್ಕೆ ಒಂದೇ ಗೋಡೆಯಲ್ಲಿ ಕುಣಿಯುತ್ತಿದ್ದರೆ ಯಾವುದು ಯಾರದ್ದು? ತನ್ನ ಚುಕ್ಕೆ ಅಂದುಕೊಂಡು ಇನ್ನೊಬ್ಬನ ಚುಕ್ಕೆ ನೋಡಿ ಟ್ರಿಗರ್ ಎಳೆಯೋದು ಸುಲಭ. ತಂಡದಲ್ಲಿ ಯಾರು ಲೇಸರ್ ಹೊತ್ತಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಶೀಲ್ಡ್ ಹಿಡಿದವನೊಬ್ಬನಿಗೇ ಬಿಡೋದು ನನಗೆ ಸರಿ ಅನ್ನಿಸುತ್ತದೆ. ಟೇಸರಿನಲ್ಲೂ (ಕರೆಂಟ್ ಶಾಕ್ ಕೊಡುವ ಗನ್) ಲೇಸರ್ ಚುಕ್ಕೆ ಇರುತ್ತದೆ ಅನ್ನೋದನ್ನೂ ಆ ಮಾತುಕತೆಯಲ್ಲಿ ಸೇರಿಸಿ.

ಆರನೇ ಹೆಜ್ಜೆ: ನೋಡಿಕೊಳ್ಳೋದು

ರೈಲಿನ ಲೇಸರ್ ನಳಿಗೆಯ ಬಾಯಿಯ ಹತ್ತಿರವೇ ಇರೋದರಿಂದ ಮಸಿ ಮೆತ್ತಿಕೊಂಡು ಚುಕ್ಕೆ ಮಂಕಾಗುತ್ತದೆ, ಒಡೆದು ಹರಡಿಕೊಳ್ಳುತ್ತದೆ. ಹತ್ತಿ ಸುತ್ತಿದ ಕಡ್ಡಿಗೆ ಲೆನ್ಸ್ ಒರೆಸುವ ದ್ರವ ಹಚ್ಚಿ ಮೆತ್ತಗೆ ಒರೆಸಿ. ಪಿಸ್ತೂಲಿಗೆ ಹಾಕುವ ಎಣ್ಣೆ ಲೆನ್ಸಿಗೆ ತಾಗಬಾರದು.

ಬ್ಯಾಟರಿಯನ್ನು ಸಾಯುವ ತನಕ ಬಿಡಬೇಡಿ. ವರ್ಷಕ್ಕೊಂದು ದಿನ ಗೊತ್ತುಮಾಡಿಕೊಂಡು, ಚೆನ್ನಾಗಿದ್ದರೂ ಬದಲಿಸಿ, ತೆಗೆದ ಹಳೆಯದನ್ನು ಖಾಲಿ ಪಿಸ್ತೂಲಿನ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಸ್ಕ್ರೂಗಳು ಗುಂಡಿನ ಒದೆತಕ್ಕೆ ಸಡಿಲವಾಗುತ್ತವೆ, ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಯಿಂದ ಪಕ್ಕದ ಲೋಹಕ್ಕೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಟ್ಟರೆ ಅಲುಗಿದ್ದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಬ್ಯಾಟರಿ ಹಾಕೋಕೆ ಲೇಸರನ್ನು ರೈಲಿಂದ ಬಿಚ್ಚಬೇಕಾದ ಮಾದರಿ ನಿಮ್ಮದಾದರೆ, ಪ್ರತಿ ಸಲ ಹಾಕಿದ ಮೇಲೂ ರೇಂಜಿಗೆ ಹೋಗಿ ಐದು ಗುಂಡು ಹೊಡೆದು ಆ ಚೀಟಿಯಲ್ಲಿ ಬರೆದದ್ದಕ್ಕೆ ತಾಳೆ ನೋಡಿ.